ಆ ದಿನ ಪಿಬಿಎಸ್ ಹಾಡಿದ್ದರೆ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ವಾದ ಬಗೆಹರಿಯುತ್ತಲೇ ಇಲ್ಲ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದ ಹಾಡಿನ ರೆಕಾರ್ಡಿಂಗ್ ದಿನ ಪಿ.ಬಿ. ಶ್ರೀನಿವಾಸ್ ಅವರಿಗೆ ಹಾಡಲು ಆಗಲಿಲ್ಲ, ಅದಕ್ಕೇ ರಾಜ್‌ಕುಮಾರ್ ಹಾಡಿದರು ಅಂತಾರೆ. ಆ ದಿನ ಪಿಬಿಎಸ್ ಹಾಡಿದ್ದರೆ ಅಣ್ಣಾವ್ರು ಗಾಯಕರೇ ಆಗುತ್ತಿರಲಿಲ್ಲ ಅನ್ನೋದು ಅಪ್ಪನ ಮಾತು. ಇವತ್ತಲ್ಲ ನಾಳೆ ಹಾಡೇ ಹಾಡುತ್ತಿದ್ದರು ಅನ್ನೋದು ನನ್ನದು. ಇಂಥ ‘ಹೀಗಾಗಿದ್ದರೆ’ ಪ್ರಶ್ನೆಗೆ ಉತ್ತರ ಅಂತ ಒಂದು ಇರುತ್ತದೆಯೇ? ಅಥವಾ ಇದು ಬರೀ ಹೊತ್ತು ಕಳೆಯೋ ಮಾತೇ?

ಉತ್ತರ: ಹೊತ್ತು ಕಳೆಯೋ ಮಾತು ಖಂಡಿತ ಅಲ್ಲ. ಈ ಪ್ರಶ್ನೆಯನ್ನು ನಾನೂ ಬಹಳ ವರ್ಷಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಎರಡು ಸಲ ನನ್ನ ಅಭಿಪ್ರಾಯ ಬದಲಾಗಿದೆ. ಮೊದಲು ನಾನು ನಿಮ್ಮ ಪಕ್ಷ. ಆಮೇಲೆ ನಿಮ್ಮ ಅಪ್ಪನ ಪಕ್ಷಕ್ಕೆ ಹೋದೆ. ಈಗ ಇಬ್ಬರ ಪಕ್ಷದಲ್ಲೂ ಇಲ್ಲ. ಹೇಗೆ ಬದಲಾಯಿತು ಅಂತಲೇ ಹೇಳುತ್ತೇನೆ, ಯಾಕೆಂದರೆ ಇಂಥ ಪ್ರಶ್ನೆಗಳನ್ನು ಹೇಗೆ ಬಿಡಿಸಬೇಕು ಅನ್ನೋದೂ ಅದರಲ್ಲೇ ಇದೆ.

ಆ ದಿನದ ಕಥೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಗಂಟಲು ಕೆಟ್ಟಿತ್ತು ಅಂತ ಕೆಲವರು, ಬರಲಾಗಲಿಲ್ಲ ಅಂತ ಕೆಲವರು. ಎಲ್ಲರ ಮಾತಿನಲ್ಲೂ ಉಳಿಯುವುದು ಇಷ್ಟು: ಪಿಬಿಎಸ್ ಹಾಡಬೇಕಿದ್ದ ‘ಯಾರೇ ಕೂಗಾಡಲಿ’ ಹಾಡನ್ನು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ರಾಜ್‌ಕುಮಾರ್ ಅವರಿಂದಲೇ ಹಾಡಿಸಿದರು. ಆ ಹೊತ್ತಿಗೆ ರಾಜ್ ಅವರಿಗೆ 45 ವರ್ಷ. ‘ಬೇಡರ ಕಣ್ಣಪ್ಪ’ ಬಂದು 20 ವರ್ಷ ಆಗಿತ್ತು. ‘ಭಕ್ತ ಕನಕದಾಸ’ ಬಂದ 1960ರಿಂದ ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ ಅವರ ತುಟಿಗೆ ಪಿಬಿಎಸ್ ದನಿಯೇ ಸೇರಿಕೊಂಡಿತ್ತು. ತೆರೆಯ ಮೇಲೆ ರಾಜ್ ಬಾಯಿ ತೆರೆದರೆ ಹೊರಗೆ ಬರುವುದು ಪಿಬಿಎಸ್ ದನಿ ಅಂತ ಕನ್ನಡದ ಕಿವಿಗೆ ಅಭ್ಯಾಸವಾಗಿತ್ತು.

ಈ ಪ್ರಶ್ನೆ ಮೊದಲ ಸಲ ಎದುರಾದಾಗ ನನಗೆ ಉತ್ತರ ಸುಲಭ ಅನ್ನಿಸಿತ್ತು. ರಾಜ್ ಅವರ ತಂದೆ ಪುಟ್ಟಸ್ವಾಮಯ್ಯನವರು ನಾಟಕದವರು. ಮಗನೂ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಕಂಪನಿ ನಾಟಕದಲ್ಲಿ ಹಾಡಲು ಬಾರದವನಿಗೆ ದೊಡ್ಡ ಪಾತ್ರ ಸಿಗೋದು ಕಷ್ಟವಿತ್ತು. ರಾತ್ರಿಯಿಡೀ ಮೈಕ್ ಇಲ್ಲದೆ ಹಿಂದಿನ ಸಾಲಿನವರೆಗೂ ಕೇಳುವಂತೆ ಹಾಡಬೇಕಿತ್ತು. ಅಂಥ ಗರಡಿಯಲ್ಲಿ ತಯಾರಾದ ಗಂಟಲು ಒಂದಲ್ಲ ಒಂದು ದಿನ ಹಾಡಿಯೇ ತೀರುತ್ತಿತ್ತು, ಆ ದಿನದ ನೆಗಡಿ ಬರೀ ನೆಪ ಅಂತ ನಾನು ವಾದಿಸುತ್ತಿದ್ದೆ. ನೀವು ಹೇಳುತ್ತಿರುವುದೂ ಹೆಚ್ಚುಕಡಿಮೆ ಇದೇ ಅಲ್ವಾ?

ಒಮ್ಮೆ ಗೆಳೆಯರ ಜೊತೆ ಮಾತಾಡುವಾಗ ಒಬ್ಬರು ಕೇಳಿದರು: "ಹಾಗಾದ್ರೆ ಶಿವಾಜಿ ಗಣೇಶನ್ ಯಾಕೆ ಹಾಡಲಿಲ್ಲ?" ನನ್ನ ಬಳಿ ಉತ್ತರ ಇರಲಿಲ್ಲ. ಶಿವಾಜಿಯವರೂ ಚಿಕ್ಕ ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿದವರು. ಎಂಜಿಆರ್ ಕೂಡ ಅಷ್ಟೇ. ಇಬ್ಬರಿಗೂ ಕೊನೆಯವರೆಗೆ ಟಿ.ಎಂ. ಸೌಂದರರಾಜನ್ ಮತ್ತು ಬೇರೆ ಗಾಯಕರೇ ಹಾಡಿದರು. ರಂಗಭೂಮಿಯ ಗಂಟಲು ಇದ್ದ ಮಾತ್ರಕ್ಕೆ ಹೀರೋ ಹಾಡಿಯೇ ಹಾಡುತ್ತಾನೆ ಅನ್ನುವುದಾದರೆ ತಮಿಳಿನಲ್ಲೂ ಹಾಗೇ ಆಗಬೇಕಿತ್ತು. ಆಗಲಿಲ್ಲ.

ಇನ್ನೊಂದು ಸಂಗತಿ ನನ್ನ ವಾದವನ್ನು ಇನ್ನೂ ಸಡಿಲ ಮಾಡಿತು. ರಾಜ್ 1974ಕ್ಕೆ ಮೊದಲೇ ಸಿನಿಮಾದಲ್ಲಿ ಹಾಡಿದ್ದರು. 1956ರ ‘ಓಹಿಲೇಶ್ವರ’ದಲ್ಲಿ ಒಂದು ಭಕ್ತಿಗೀತೆ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರ ಜೊತೆ ‘ತುಂಬಿತು ಮನವ’ ಅನ್ನುವ ಯುಗಳಗೀತೆ. ಆ ಯುಗಳಗೀತೆಗೂ ಜಿ.ಕೆ. ವೆಂಕಟೇಶ್ ಅವರದೇ ಸಂಗೀತ. ಅಂದರೆ ಬಾಗಿಲು ಎರಡು ಸಲ ತೆರೆದಿತ್ತು. ಎರಡು ಸಲವೂ ಮತ್ತೆ ಮುಚ್ಚಿಕೊಂಡಿತು. ಇಷ್ಟು ತಿಳಿದ ಮೇಲೆ ‘ಹೇಗಿದ್ದರೂ ಹಾಡುತ್ತಿದ್ದರು’ ಅನ್ನುವ ಮಾತು ನನ್ನ ಬಾಯಲ್ಲಿ ಮೊದಲಿನಷ್ಟು ಸಲೀಸಾಗಿ ಬರಲಿಲ್ಲ. ನಿಮ್ಮ ಅಪ್ಪನ ಮಾತೇ ಸರಿ ಇರಬಹುದು, ಎಲ್ಲವೂ ಆ ಒಂದು ದಿನದ ಮೇಲೇ ನಿಂತಿತ್ತು ಅಂತ ಅನ್ನಿಸತೊಡಗಿತು.

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ. ಜನಪ್ರಿಯ ಸಂಗೀತದಲ್ಲಿ ಇಂಥ ಪ್ರಶ್ನೆ ಅತಿ ಹೆಚ್ಚು ಕೇಳಿಸಿಕೊಂಡಿರುವುದು ಬಹುಶಃ ಬೀಟಲ್ಸ್ ತಂಡದ ಬಗ್ಗೆ. 1962ರ ಜನವರಿ 1ರಂದು ಲಂಡನ್ನಿನಲ್ಲಿ ಡೆಕ್ಕಾ ಅನ್ನುವ ರೆಕಾರ್ಡ್ ಕಂಪನಿ ಅವರ ಪರೀಕ್ಷೆ ತೆಗೆದುಕೊಂಡಿತು. ಹುಡುಗರು 15 ಹಾಡು ಹಾಡಿದರು. ಕಂಪನಿ ಬೇಡ ಅಂದಿತು. ಡೆಕ್ಕಾ ಅವತ್ತು ಒಪ್ಪಿದ್ದರೆ? ಒಳ್ಳೆಯದೇ ಆಗುತ್ತಿತ್ತು, ಆರು ತಿಂಗಳು ಮೊದಲೇ ಹೆಸರು ಬರುತ್ತಿತ್ತು ಅಂತ ಅನ್ನಿಸುತ್ತದೆ. ಆದರೆ ಡೆಕ್ಕಾ ಬೇಡ ಅಂದಿದ್ದರಿಂದಲೇ ಅವರು ಪಾರ್ಲೋಫೋನ್ ಅನ್ನುವ ಇನ್ನೊಂದು ರೆಕಾರ್ಡ್ ಸಂಸ್ಥೆಯ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಕೈಗೆ ಸಿಕ್ಕಿದ್ದು. ಮಾರ್ಟಿನ್ ಅವರಿಗೆ ಆಗಿನ ಡ್ರಮ್ಮರ್ ಪೀಟ್ ಬೆಸ್ಟ್ ಅವರ ಕೈ ಹಿಡಿಸಲಿಲ್ಲ. ಆಗಸ್ಟ್‌ನಲ್ಲಿ ಅವರ ಜಾಗಕ್ಕೆ ರಿಂಗೋ ಸ್ಟಾರ್ ಬಂದರು. 1965ರಲ್ಲಿ ‘ಯೆಸ್ಟರ್‌ಡೇ’ ಹಾಡಿಗೆ ಪಿಟೀಲುಗಳನ್ನು ಸೇರಿಸೋಣ ಅಂದವರೂ ಮಾರ್ಟಿನ್ ಅವರೇ. ಡೆಕ್ಕಾ ಒಪ್ಪಿದ್ದರೆ ಅದೇ ಹುಡುಗರು ಇರುತ್ತಿದ್ದರು, ಆದರೆ ಅದೇ ಹಾಡುಗಳು ಬರುತ್ತಿದ್ದವೇ ಅನ್ನೋದು ಅನುಮಾನ.

ಈ ಕಥೆಯಿಂದ ನಾನು ಕಲಿತದ್ದು ಒಂದು ಅಳತೆ. ಒಂದು ಘಟನೆ ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಆ ಹೊತ್ತಿಗೆ ಬೇರೆ ಎಷ್ಟು ಬಾಗಿಲುಗಳಿದ್ದವು ಅಂತ ಎಣಿಸಬೇಕು. ಬೀಟಲ್ಸ್ ಹುಡುಗರಿಗೆ ಹೆಚ್ಚು ಬಾಗಿಲು ಉಳಿದಿರಲಿಲ್ಲ. ಅವರ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಕಂಪನಿಯಿಂದ ಕಂಪನಿಗೆ ಅಲೆದು ಸುಸ್ತಾಗಿದ್ದರು. ಆದ್ದರಿಂದ ಅಲ್ಲಿ ಒಂದು ‘ಬೇಡ’ ಅನ್ನುವುದಕ್ಕೆ ಅಷ್ಟೊಂದು ಬೆಲೆ ಬಂತು. ರಾಜ್ ಅವರ ವಿಷಯ ತದ್ವಿರುದ್ಧ. ಅವರಿಗೆ ಸಾಲಾಗಿ ಸಿನಿಮಾಗಳಿದ್ದವು, ಪ್ರತಿಯೊಂದರಲ್ಲೂ ಹಾಡುಗಳಿದ್ದವು. ಒಂದು ದಿನ ತಪ್ಪಿದರೆ ಇನ್ನೊಂದು ದಿನ. ಗಾಯಕರ ಗಂಟಲು ಕೆಡದ ಮಳೆಗಾಲ ಇದೆಯೇ?

ಹಾಗಾದರೆ ಮತ್ತೆ ನಿಮ್ಮ ಪಕ್ಷಕ್ಕೇ ಬಂದೆನೇ? ಪೂರ್ತಿ ಅಲ್ಲ. 1956 ಮತ್ತು 1959 ಇನ್ನೂ ಕಾಡುತ್ತಿದ್ದವು. ಆಗ ಮುಚ್ಚಿಕೊಂಡ ಬಾಗಿಲು 1974ರಲ್ಲಿ ಯಾಕೆ ತೆರೆದೇ ಉಳಿಯಿತು?

ನನಗೆ ಬಹಳ ತಡವಾಗಿ ಹೊಳೆದದ್ದು ಇದು. ನಾವೆಲ್ಲ ನೆಗಡಿಯನ್ನು ನೋಡುತ್ತೇವೆ, ಹಾಡನ್ನು ನೋಡುವುದಿಲ್ಲ. ಅವತ್ತಿನ ಹಾಡು ಎಂಥದ್ದು ಅಂತ ನೆನಪು ಮಾಡಿಕೊಳ್ಳಿ. ‘ಸಂಪತ್ತಿಗೆ ಸವಾಲ್’ ಪಿ.ಬಿ. ಧುತ್ತರಗಿಯವರ ನಾಟಕದಿಂದ ಬಂದ ಸಿನಿಮಾ. ನಾಯಕ ಎಮ್ಮೆ ಮೇಲೆ ಕೂತು, ಎಮ್ಮೆಯನ್ನು ಹೊಗಳುತ್ತಾ ಹಾಡುತ್ತಾನೆ. ಬಯಲಲ್ಲಿ ಗಂಟಲೆತ್ತಿ ಹಾಡುವ ಹಾಡು. ಅಲ್ಲಿ ನಯ ನಾಜೂಕು ಬೇಕಿಲ್ಲ. ಬೇಕಿರುವುದು ತುಂಟತನ, ಎದೆ ತುಂಬಿದ ದನಿ, ಮಾತಿನ ಹಾಗೆ ಹಾಡೋ ಸಲೀಸು. ಅವೆಲ್ಲ ಕಂಪನಿ ನಾಟಕದವನ ಸ್ವಂತ ಆಸ್ತಿ. ಪಿಬಿಎಸ್ ಈ ಹಾಡನ್ನು ಚೆನ್ನಾಗಿಯೇ ಹಾಡುತ್ತಿದ್ದರು, ಅದರಲ್ಲಿ ಅನುಮಾನ ಬೇಡ. ಆದರೆ ಅವರ ದನಿ ರೇಷ್ಮೆ. ಈ ಹಾಡು ಕಂಬಳಿ.

ಅದೇ 1974ರಲ್ಲಿ ರಾಜ್ ಅಭಿನಯದ ‘ಎರಡು ಕನಸು’ ಬಂತು. ರಾಜನ್-ನಾಗೇಂದ್ರ ಅವರ ಸಂಗೀತ. ‘ಬಾಡಿ ಹೋದ ಬಳ್ಳಿಯಿಂದ’ ಹಾಡನ್ನು ಪಿಬಿಎಸ್ ಹಾಡಿದರು. ‘ಎಂದೆಂದೂ ನಿನ್ನನು ಮರೆತು’ ಹಾಡನ್ನು ವಾಣಿ ಜಯರಾಂ ಅವರ ಜೊತೆ ಹಾಡಿದರು. ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ. ಪಿಬಿಎಸ್ ಅವರ ಗಂಟಲು ಕೆಟ್ಟಿದ್ದು ‘ಬಾಡಿ ಹೋದ ಬಳ್ಳಿಯಿಂದ’ ರೆಕಾರ್ಡಿಂಗ್ ದಿನ ಅಂತ ಇಟ್ಟುಕೊಳ್ಳಿ. ಏನಾಗುತ್ತಿತ್ತು? ರಾಜ್ ಅವರನ್ನು ಹಾಡಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ, ಪಿಬಿಎಸ್ ಹುಷಾರಾಗುವವರೆಗೆ ಕಾಯುತ್ತಿದ್ದರು ಅಂತ ನನ್ನ ನಂಬಿಕೆ. ಹಾಡಿಸಿದ್ದರೂ ಜನ ಹಳೆಯ ದನಿಯನ್ನೇ ಕೇಳುತ್ತಿದ್ದರು. ಎಮ್ಮೆಯ ಹಾಡಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಜನರಿಗೆ ಏನೋ ಕಳೆದುಕೊಂಡ ಹಾಗೆ ಅನ್ನಿಸಲೇ ಇಲ್ಲ, ಹೊಸದೇನೋ ಸಿಕ್ಕಿತು ಅನ್ನಿಸಿತು. ಅಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಪ್ರೇಮಗೀತೆಗೂ ದುಃಖದ ಹಾಡಿಗೂ ದಾರಿಯಾಯಿತು. ಎರಡೇ ವರ್ಷಕ್ಕೆ ‘ಪ್ರೇಮದ ಕಾಣಿಕೆ’ಯಲ್ಲಿ ‘ಇದು ಯಾರು ಬರೆದ ಕಥೆಯೋ’ ಹಾಡಿದವರೂ ಅದೇ ರಾಜ್. ಆ ಹೊತ್ತಿಗೆ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಇನ್ನೊಂದು ಮಾತು, ಸ್ಟುಡಿಯೋದ ಬಗ್ಗೆ. ಆಗ ವಾದ್ಯದವರು, ಕೋರಸ್‌ನವರು, ಗಾಯಕರು ಎಲ್ಲರೂ ಮದ್ರಾಸಿನ ಒಂದೇ ಹಾಲ್‌ನಲ್ಲಿ ಸೇರಿ ಒಟ್ಟಿಗೆ ರೆಕಾರ್ಡ್ ಮಾಡುತ್ತಿದ್ದರು. ಒಬ್ಬರು ಬರದಿದ್ದರೆ ಎಲ್ಲರ ಕಾಲ್‌ಶೀಟ್ ಹಾಳು, ನಿರ್ಮಾಪಕರ ಹಣವೂ ಹಾಳು. ಆ ಒತ್ತಡದಲ್ಲೇ "ನೀವೇ ಹಾಡಿಬಿಡಿ" ಅನ್ನುವ ಮಾತು ಹುಟ್ಟಲು ಸಾಧ್ಯ. ಇವತ್ತಾಗಿದ್ದರೆ ಯಾರೋ ಟ್ರ್ಯಾಕ್ ಸಿಂಗರ್ ಹಾಡಿ ಇಡುತ್ತಿದ್ದರು. ಪಿಬಿಎಸ್ ವಾರ ಬಿಟ್ಟು ಬಂದು ತಮ್ಮ ದನಿ ಸೇರಿಸಿ ಹೋಗುತ್ತಿದ್ದರು. ಹೊಸ ಕಾಲದಲ್ಲಿ ಆ ನೆಗಡಿಗೆ ಯಾವ ಶಕ್ತಿಯೂ ಇರುತ್ತಿರಲಿಲ್ಲ. ‘ಹೀಗಾಗಿದ್ದರೆ’ ಅಂತ ಯೋಚಿಸುವಾಗ ಆ ಕಾಲದ ಯಂತ್ರಗಳನ್ನೂ ಹಣದ ಲೆಕ್ಕವನ್ನೂ ಜನ ಜಾಸ್ತಿ ಮರೆಯುತ್ತಾರೆ.

ಈಗ ನಿಮ್ಮ ಅಪ್ಪನ ಮಾತನ್ನೇ ಪೂರ್ತಿ ಒಪ್ಪಿಕೊಂಡು ಮುಂದೆ ಹೋಗಿ ನೋಡೋಣ. ಪಿಬಿಎಸ್ ಆ ದಿನ ಹಾಡಿದರು, ರಾಜ್ ಮುಂದೆಂದೂ ಹಾಡಲಿಲ್ಲ. ಆಗ ಪಿಬಿಎಸ್ ಅವರೇ ಕೊನೆಯವರೆಗೆ ಅಣ್ಣಾವ್ರ ದನಿಯಾಗಿ ಉಳಿಯುತ್ತಿದ್ದರು ಅಂತ ಹಲವರು ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 1972ರ ‘ನಾಗರಹಾವು’ ಕೇಳಿ. ವಿಷ್ಣುವರ್ಧನ್ ಅವರಿಗೆ ‘ಬಾರೇ ಬಾರೇ’ ಹಾಡಿದ್ದು ಪಿಬಿಎಸ್. ಅದೇ ಚಿತ್ರದಲ್ಲಿ, ಅದೇ ಪಾತ್ರಕ್ಕೆ ‘ಹಾವಿನ ದ್ವೇಷ’ ಹಾಡಿದ್ದು ಎಸ್‌ಪಿಬಿ, ಅಂದರೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಪ್ರೀತಿಗೆ ಒಂದು ದನಿ, ಸಿಟ್ಟಿಗೆ ಇನ್ನೊಂದು ದನಿ. ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಅವರಿಗೆ ಹೊಸ ಕಾಲದ ಸಿಟ್ಟು ಎಲ್ಲಿದೆ ಅಂತ ಆಗಲೇ ಗೊತ್ತಾಗಿತ್ತು. ತಮಿಳಿನಲ್ಲಿ 1969ರಲ್ಲೇ ಎಂಜಿಆರ್ ಅವರಿಗೆ ಎಸ್‌ಪಿಬಿ ಹಾಡಿದ್ದರು. ವಯಸ್ಸಾಗುತ್ತಿದ್ದ ಹೀರೋಗೆ ಎಳೆಯ ದನಿ ಹೊಂದುತ್ತದೆ ಅಂತ ಅಲ್ಲಿ ಸಾಬೀತಾಗಿತ್ತು. ಹಾಗಾಗಿ ರಾಜ್ ತಾವೇ ಹಾಡದಿದ್ದರೆ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೂ ಎಸ್‌ಪಿಬಿಯವರೇ ಹಾಡುತ್ತಿದ್ದರು. ಇದು ನನ್ನ ಊಹೆ, ಆದರೆ ಇದಕ್ಕೆ ಬಲವಾದ ಆಧಾರ ಇದೆ ಅಂತ ನನ್ನ ನಂಬಿಕೆ.

ಆಗ ಏನಾಗುತ್ತಿತ್ತು ಅಂತ ಸ್ವಲ್ಪ ಕಣ್ಣು ಮುಚ್ಚಿ ಯೋಚಿಸಿ. ವಿಷ್ಣುವರ್ಧನ್, ಶ್ರೀನಾಥ್, ಅಂಬರೀಶ್, ಶಂಕರ್‌ನಾಗ್, ಅನಂತ್‌ನಾಗ್, ಎಲ್ಲರಿಗೂ ಹೆಚ್ಚಾಗಿ ಎಸ್‌ಪಿಬಿ. ಅವರ ಜೊತೆಗೆ ರಾಜ್ ಅವರಿಗೂ ಎಸ್‌ಪಿಬಿ. ಕನ್ನಡ ಸಿನಿಮಾದ ಗಂಡು ದನಿ ಅಂದರೆ ಒಂದೇ ದನಿ. ಎಸ್‌ಪಿಬಿ ಮಹಾ ಗಾಯಕರು, ಅವರನ್ನು ನಾನು ಎಷ್ಟು ಕೇಳಿದರೂ ಸಾಲದು. ಆದರೂ ಇಡೀ ಒಂದು ಭಾಷೆಯ ಹೀರೋಗಳೆಲ್ಲ ಒಂದೇ ಗಂಟಲಲ್ಲಿ ಹಾಡುವುದು ಬೇರೆಯೇ ವಿಷಯ. ರಾಜ್ ಹಾಡಿದ್ದರಿಂದ ಎಂಬತ್ತರ ದಶಕದಲ್ಲಿ ಕನ್ನಡಕ್ಕೆ ಎರಡು ದೊಡ್ಡ ದನಿಗಳಿದ್ದವು. ರೇಡಿಯೋದಲ್ಲಿ ಹಾಡು ಶುರುವಾದ ಕ್ಷಣಕ್ಕೇ, ಪಲ್ಲವಿ ಮುಗಿಯುವ ಮೊದಲೇ, ಯಾರ ಸಿನಿಮಾ ಅಂತ ಹೇಳಬಹುದಿತ್ತು. ನಾವು ಚಿಕ್ಕವರಿದ್ದಾಗ ಅದೇ ನಮ್ಮ ಆಟ. ನಿಮ್ಮ ಅಪ್ಪನೂ ಆಡಿರುತ್ತಾರೆ, ಕೇಳಿ ನೋಡಿ.

1992ರ ‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ ರಾಜ್ ಅವರಿಗೆ ಅತ್ಯುತ್ತಮ ಗಾಯಕ ಅಂತ ರಾಷ್ಟ್ರಪ್ರಶಸ್ತಿ ಬಂತು. ಆಗ ಅವರ ವಯಸ್ಸು 63. ಅದೂ ಇರುತ್ತಿರಲಿಲ್ಲ. ಮನೆಯಲ್ಲಿ ಅಪ್ಪ ಹಾಡುವವರಲ್ಲದಿದ್ದರೆ, ಆರೇಳು ವರ್ಷದ ಪುನೀತ್ ‘ಭಾಗ್ಯವಂತ’ದಲ್ಲಿ ‘ಬಾನ ದಾರಿಯಲ್ಲಿ’ ಹಾಡನ್ನು ಸ್ವಂತ ದನಿಯಲ್ಲಿ ಹಾಡುತ್ತಿದ್ದರೇ? ಅದನ್ನು ಯಾರಾದರೂ ಬಾಲಗಾಯಕಿ ಹಾಡುತ್ತಿದ್ದರು. ಆ ಹಾಡು ಇಲ್ಲದ ಕನ್ನಡ ನನಗೆ ಊಹಿಸಲೂ ಆಗುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಊರೂರಿನಲ್ಲಿ ಕೇಳಿಸಿದ್ದು ಅದೇ ಎಳೆಯ ದನಿ.

ಇಲ್ಲಿ ನಾನು ನಿಲ್ಲಿಸುತ್ತೇನೆ. ಇದಕ್ಕಿಂತ ಮುಂದೆ ಹೋದರೆ ಊಹೆ ಕಥೆಯಾಗುತ್ತದೆ. ಗೋಕಾಕ್ ಚಳವಳಿಯನ್ನೇ ತೆಗೆದುಕೊಳ್ಳಿ. ರಾಜ್ ಹಾಡದಿದ್ದರೆ ಆ ಚಳವಳಿಗೆ ಅಷ್ಟು ಜನ ಸೇರುತ್ತಿರಲಿಲ್ಲ ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದ್ದರು. ನಡುವೆ ಎಷ್ಟೊಂದು ಮೆಟ್ಟಿಲುಗಳಿವೆ ನೋಡಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ‘ಬಹುಶಃ’ ಬೇಕು. ಐದಾರು ಬಹುಶಃ ಸೇರಿದರೆ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ‘ಶಂಕರ್‌ನಾಗ್ ಇದ್ದಿದ್ದರೆ’ ಅನ್ನುವುದೂ ಹೀಗೇ. 1990ರಲ್ಲಿ 35 ವರ್ಷಕ್ಕೇ ಹೋದ ಅವರನ್ನು ನೆನೆದರೆ ನನಗೂ ಗಂಟಲು ಕಟ್ಟುತ್ತದೆ. ಆದರೆ ಆ ಖಾಲಿ ಜಾಗದಲ್ಲಿ ನಾವು ಬರೆಯುವುದೆಲ್ಲ ನಮ್ಮ ಆಸೆ. ಅದು ಪ್ರೀತಿ, ಲೆಕ್ಕ ಅಲ್ಲ. ನಿಮ್ಮ ಪ್ರಶ್ನೆ ಅಂಥದ್ದಲ್ಲ. ನಿಮ್ಮ ಪ್ರಶ್ನೆಯನ್ನು ಹೋಲಿಸಿ ನೋಡಲು ಹಾಡುಗಳು ಕೈಯಲ್ಲೇ ಇವೆ.

ಈಗ ನನ್ನನ್ನು ಜಾಸ್ತಿ ಕಾಡುವ ಪ್ರಶ್ನೆ ಬೇರೆ. ಆ ನೆಗಡಿ 1974ರಲ್ಲಿ ಬಾರದೆ 1959ರಲ್ಲೇ ಬಂದಿದ್ದರೆ? ‘ತುಂಬಿತು ಮನವ’ ಹಾಡು ಎಮ್ಮೆಯ ಹಾಡಿನಷ್ಟು ಜನಪ್ರಿಯವಾಗಿ, ರಾಜ್ ಆಗಿನಿಂದಲೇ ತಮ್ಮ ಹಾಡುಗಳನ್ನೆಲ್ಲ ತಾವೇ ಹಾಡಿಕೊಂಡಿದ್ದರೆ? ಮೂವತ್ತರ ವಯಸ್ಸಿನ ರಾಜ್ ಗಂಟಲು ನಮಗೆ ಸಿಗುತ್ತಿತ್ತು. ಅದು ದೊಡ್ಡ ಲಾಭವೇ. ಆದರೆ ಅದಕ್ಕೆ ಏನು ಕೊಡಬೇಕಾಗುತ್ತಿತ್ತು? ‘ಭಕ್ತ ಕನಕದಾಸ’ದ ‘ಬಾಗಿಲನು ತೆರೆದು’ ಪಿಬಿಎಸ್ ದನಿಯಲ್ಲಿ ಇರುತ್ತಿರಲಿಲ್ಲ. ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು’ ಇರುತ್ತಿರಲಿಲ್ಲ. ‘ಬಂಗಾರದ ಮನುಷ್ಯ’ದ ‘ನಗುನಗುತಾ ನಲಿ’, ‘ಗಂಧದ ಗುಡಿ’ಯ ‘ನಾವಾಡುವ ನುಡಿಯೇ’, ಯಾವುದೂ ನಾವು ಕೇಳಿದ ಹಾಗೆ ಇರುತ್ತಿರಲಿಲ್ಲ. ಕಾಕಿನಾಡದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಬದುಕಿ, ಕನ್ನಡವನ್ನು ಅಷ್ಟು ಚೊಕ್ಕವಾಗಿ ಹಾಡಿದ ಆ ಮನುಷ್ಯ ನಮ್ಮವರಾಗಲು ಕಾರಣವೇ ಇರುತ್ತಿರಲಿಲ್ಲ. ಹದಿನಾಲ್ಕು ವರ್ಷ ರಾಜ್ ಸುಮ್ಮನಿದ್ದದ್ದರಿಂದಲೇ ನಮಗೆ ಪಿಬಿಎಸ್ ಸಿಕ್ಕರು. ಈ ಲೆಕ್ಕ ಹಾಕಿದ ಮೇಲೆ, 1974ರಲ್ಲಿ ಅವರಿಗೆ ಹಾಡುಗಳು ಕಡಿಮೆಯಾದ ನೋವು ನನಗೆ ಇನ್ನಷ್ಟು ಆಳವಾಗಿ ತಟ್ಟಿತು. ಅವರಿಗೆ ಆಗಿನ್ನೂ 44 ವರ್ಷ. ದನಿ ಪೂರ್ತಿ ಪಕ್ವವಾಗಿದ್ದ ಕಾಲ ಅದು.

ಹಾಗಾಗಿ ನನ್ನ ಉತ್ತರ ಇದು. ಆ ದಿನ ಪಿಬಿಎಸ್ ಹಾಡಿದ್ದರೂ ರಾಜ್ ಗಾಯಕರಾಗುವ ಸಾಧ್ಯತೆ ಜಾಸ್ತಿ ಇತ್ತು. ಆದರೆ ಅದಕ್ಕೆ ಇನ್ನೊಂದು ರೆಕಾರ್ಡಿಂಗ್ ತಪ್ಪಿದರೆ ಸಾಲದು, ಅವರ ನಾಟಕದ ಗಂಟಲಿಗೆ ಹೊಂದುವ ಇನ್ನೊಂದು ಹಾಡೂ ಅದೇ ದಿನಕ್ಕೆ ಬರಬೇಕಿತ್ತು. ಎರಡೂ ಒಟ್ಟಿಗೆ ಕೂಡಿ ಬರಲು ಎರಡು ಮೂರು ವರ್ಷ ಹಿಡಿಯುತ್ತಿತ್ತೋ ಏನೋ. ಅಷ್ಟರಲ್ಲಿ ಎಸ್‌ಪಿಬಿ ಆ ಜಾಗದಲ್ಲಿ ಕೂತುಬಿಟ್ಟಿದ್ದರೆ, ನಿಮ್ಮ ಅಪ್ಪ ಗೆದ್ದ ಹಾಗೆ.

ಒಂದು ಕೆಲಸ ಮಾಡಿ. ಇಬ್ಬರೂ ಕೂತು 1977ರ ‘ಬಬ್ರುವಾಹನ’ದ ‘ಯಾರು ತಿಳಿಯರು ನಿನ್ನ’ ಹಾಡು ಕೇಳಿ. ಅರ್ಜುನನೂ ರಾಜ್, ಬಬ್ರುವಾಹನನೂ ರಾಜ್. ಅಪ್ಪ ಮಗ ಎದುರುಬದುರು ನಿಂತು ಹಾಡಿನಲ್ಲೇ ಹೊಡೆದಾಡುತ್ತಾರೆ. ಟಿ.ಜಿ. ಲಿಂಗಪ್ಪನವರು ಒಂದು ಪಾತ್ರಕ್ಕೆ ರಾಜ್ ಅವರಿಂದ, ಇನ್ನೊಂದಕ್ಕೆ ಪಿಬಿಎಸ್ ಅವರಿಂದ ಹಾಡಿಸಿದ್ದಾರೆ. ಒಂದೇ ಮುಖ, ಎರಡು ದನಿ. ನಡೆದ ಚರಿತ್ರೆ ಮತ್ತು ನಡೆಯದ ಚರಿತ್ರೆ ಎರಡೂ ಒಂದೇ ಹಾಡಿನಲ್ಲಿವೆ. ಪರದೆ ನೋಡಬೇಡಿ, ಬರೀ ಕೇಳಿ. ಕೇಳಿದ ಮೇಲೆ ಅಪ್ಪ ಏನಂದರು ಅಂತ ನನಗೆ ಖಂಡಿತ ಬರೆಯಿರಿ.